ಜರ್ಮನ್ ಗೇಟು

ಯಾರ ಮನೆಗೆ ಹೋದರೂ ನನಗೊಂದು ಚಾಳಿಯಿದೆ. ಕರೆಗಂಟೆ ಒತ್ತುವ ಮೊದಲು ಅವರ ಗೇಟನ್ನು ಕಿರುಬೆರಳಿನಿಂದ ತಳ್ಳಿ ನೋಡುತ್ತೇನೆ. ಅದು ಸಲೀಸಾಗಿ ಸರಿದರೆ ಆ ಮನೆಯವರ ಮೇಲೆ ಅರ್ಧ ವಿಶ್ವಾಸ ಅಲ್ಲೇ ಬಂದುಬಿಡುತ್ತದೆ. ಜಪ್ಪಯ್ಯ ಅನ್ನದಿದ್ದರೆ, ಒಳಗಿರುವವರು ಎಷ್ಟೇ ಒಳ್ಳೆಯವರಿರಲಿ, ಅವರ ಮನೆಯ ಚಹಾ ನನಗೆ ಸಪ್ಪೆ. ನಮ್ಮವರಿಗೆ ಇದರಿಂದ ಭಾರಿ ಮುಜುಗರ. "ಎಮ್ಮಿ ಕೊಳ್ಳಾಕ ಬಂದೋರು ಹಲ್ಲು ನೋಡಿದಂಗ ನೋಡ್ತೀಯಲ್ಲ, ಸುಮ್ನ ಗಂಟಿ ಒತ್ತಬಾರದಾ," ಎಂದು ಬೆನ್ನ ಹಿಂದೆ ಗೊಣಗುತ್ತಾರೆ. ಗೊಣಗಲಿ. ಎಮ್ಮೆಯಾದರೂ ಎರಡು ಸೂಲಿಗೆ ಬದಲಾಗುತ್ತದೆ, ಗೇಟು ಒಂದು ಜನ್ಮಕ್ಕೆ ಗಂಟು ಬೀಳುತ್ತದೆ.

ಹೊಸಪೇಟೆಯಲ್ಲಿ ಸಂಡೂರಿನ ರಸ್ತೆಯ ಮಗ್ಗುಲಿಗೆ ನಮ್ಮದೊಂದು ಫ್ಯಾಬ್ರಿಕೇಷನ್ ಅಂಗಡಿ. ಗೇಟು, ಗ್ರಿಲ್ಲು, ಕಿಟಕಿ, ಟ್ಯಾಂಕಿನ ಸ್ಟ್ಯಾಂಡು. ಬೆಂಕಿಯ ಕೆಲಸ ನಮ್ಮವರದು, ಬಾಯಿಯ ಕೆಲಸ ನನ್ನದು. ಬಂದ ಗಿರಾಕಿಗಳಲ್ಲಿ ಬಹಳ ಮಂದಿ ಕೇಳುವುದು ಒಂದೇ: "ಅಕ್ಕಾರ, ಸ್ಟೀಲು ಛಲೋನೋ, ಅಲ್ಯೂಮಿನಿಯಂ ಛಲೋನೋ?" ಸ್ಟೀಲು ಎಂದರೆ ನಮ್ಮ ಅಂಗಡಿಯಲ್ಲಿ ತಟ್ಟೆ ಲೋಟದ ಥಳಥಳ ಸ್ಟೀಲಲ್ಲ. ಆ್ಯಂಗಲ್ಲು, ಪಟ್ಟಿ, ರಾಡುಗಳ ಉಕ್ಕು. ಬಾಯಿಮಾತಿನಲ್ಲಿ ಕಬ್ಬಿಣವೇ. ನಮ್ಮವರು ತಲೆಯೆತ್ತದೆ "ಕಬ್ಬಿಣ" ಅನ್ನುತ್ತಾರೆ. ನಾನು "ಗೇಟು ಯಾರು ತೆಗೆಯೋರು?" ಅನ್ನುತ್ತೇನೆ. ಗಿರಾಕಿ ನನ್ನನ್ನೂ ಅವರನ್ನೂ ನೋಡಿ, ಗಂಡಹೆಂಡಿರ ಜಗಳದ ನಡುವೆ ಬಂದೆನೇನೋ ಎಂದು ಹೆದರಿ ಎದುರಿನ ಅಂಗಡಿಗೆ ಹೋಗಿದ್ದೂ ಉಂಟು.

ಹಾಗೆಂದು ನಾನು ಕಬ್ಬಿಣದ ಹಗೆಯಲ್ಲ. ಹಂಪಿಯ ಕಡೆ ಹೊಳೆದಂಡೆಯ ಅತಿಥಿಗೃಹವೊಂದಕ್ಕೆ ಸೊಳ್ಳೆಜಾಲರಿಯ ಅಲ್ಯೂಮಿನಿಯಂ ಚೌಕಟ್ಟು ಕೂರಿಸಿದವಳು ನಾನೇ. ಹಗುರ, ಚಂದ, ತುಕ್ಕಿಲ್ಲ ಎಂದು ಅರ್ಧ ತಾಸು ಭಾಷಣ ಬಿಗಿದಿದ್ದೆ. ಹಂಪಿಯ ಮಂಗಗಳು ಭಾಷಣ ಕೇಳಿರಲಿಲ್ಲ. ವಾರ ಕಳೆಯುವುದರೊಳಗೆ ಚೌಕಟ್ಟನ್ನು ಹಪ್ಪಳದ ಹಾಗೆ ಮಡಿಸಿ, ಒಳಗೆ ನುಗ್ಗಿ, ಪರದೇಶದ ಹೆಣ್ಣುಮಗಳೊಬ್ಬಳ ಬಾಳೆಹಣ್ಣನ್ನೂ ತಂಪುಕನ್ನಡಕವನ್ನೂ ಎತ್ತಿಕೊಂಡು ಹೋದವು. ಅಲ್ಲಿ ಕಬ್ಬಿಣವೇ ಸೈ ಎಂದು ಒಪ್ಪಿ, ಸರಳು ಹೊತ್ತುಕೊಂಡು ಮತ್ತೆ ಹೋದೆವು. ಕಂಪ್ಲಿಯ ಅಕ್ಕಿ ಗಿರಣಿಯವರು ಭತ್ತ ಸುರಿಯುವ ತೊಟ್ಟಿಗೆ ಯಾವುದು ಹಾಕಲಿ ಎಂದು ಕೇಳಿದಾಗಲೂ ಎರಡನೇ ಮಾತಿಲ್ಲದೆ ಕಬ್ಬಿಣ ಅಂದೆ. ಹಗಲಿಡೀ ಭತ್ತ ಉಜ್ಜುವ ಕಡೆ ಮೆತ್ತನೆಯ ಲೋಹ ಸವೆದುಹೋಗುತ್ತದೆ. ನನ್ನ ತಕರಾರು ಕಬ್ಬಿಣದ ಮೇಲಲ್ಲ, ಅದರ ಸೊಕ್ಕಿನ ಮೇಲೆ.

ಆ ಸೊಕ್ಕು ನಮ್ಮ ಸೀಮೆಯಲ್ಲಿ ಹುಟ್ಟಿನಿಂದಲೇ ಬರುತ್ತದೆ. ನನ್ನ ತವರು ಸಂಡೂರು ತಾಲೂಕಿನ ವಡ್ಡು. ಬಾಣಂತಿಯ ಮಂಚದ ಕೆಳಗೆ ಕುಡುಗೋಲು ಇಡುತ್ತಿದ್ದ ನಮ್ಮಜ್ಜಿಗೆ ದೆವ್ವ, ದೃಷ್ಟಿ, ನೆಗಡಿ ಎಲ್ಲದಕ್ಕೂ ಕಬ್ಬಿಣವೇ ಮದ್ದು. ನನಗೆ ಮಾತು ಕಲಿಸಿದ್ದೂ ಆ ಅಜ್ಜಿಯೇ. ಬೈಗುಳದಿಂದ ಶುರುಮಾಡಿ ಹಾಡಿಗೆ ತಂದು ನಿಲ್ಲಿಸಿದ ಮಹಾತಾಯಿ. ಸುತ್ತಲ ಗುಡ್ಡಗಳೂ ಕಬ್ಬಿಣದವೇ. ಕಂಪ್ಲಿಯಿಂದ ರಜೆಗೆ ಬಂದ ನೆಂಟರ ಹುಡುಗಿಯೊಬ್ಬಳಿಗೆ ನಮ್ಮ ಗುಡ್ಡದ ಕಲ್ಲೊಂದನ್ನು ಹಿಡಿ ಎಂದು ಕೊಟ್ಟಿದ್ದೆ. ಗಾತ್ರ ನೋಡಿ ಹಗುರವೆಂದುಕೊಂಡು ಒಂದೇ ಕೈಯಲ್ಲಿ ಇಸಿದುಕೊಂಡಳು, ಹೆಬ್ಬೆರಳ ಮೇಲೆ ಬಿಟ್ಟುಕೊಂಡಳು. "ನಿಮ್ಮೂರ ಕಲ್ಲಿಗೂ ಎಷ್ಟು ಧಿಮಾಕು," ಎಂದು ಅಳುತ್ತಳುತ್ತಲೇ ಬೈದಳು. ನಮಗೆ ಅದು ಹೊಗಳಿಕೆಯಾಗಿ ಕೇಳಿಸಿತ್ತು.

ಅಲ್ಯೂಮಿನಿಯಂಗೆ ನಮ್ಮ ಕಡೆ ಜರ್ಮನ್ ಎಂದು ಹೆಸರು. ಜರ್ಮನ್ ಬೋಗುಣಿ, ಜರ್ಮನ್ ತಟ್ಟೆ. ಆ ದೇಶಕ್ಕೂ ನಮ್ಮ ಬೋಗುಣಿಗೂ ಏನು ನಂಟೋ ಯಾರಿಗೂ ಗೊತ್ತಿಲ್ಲ, ಕೇಳಿದರೆ ಅಜ್ಜಿ "ನಿನಗ್ಯಾಕ ಬೇಕು, ಉಣ್ಣು" ಅನ್ನುತ್ತಿದ್ದಳು. ಮನೆಯೊಳಗೆ ಹಿತ್ತಾಳೆ, ಕಂಚು, ಆಮೇಲಾಮೇಲೆ ಸ್ಟೀಲು. ಜರ್ಮನ್ನಿನ ಜಾಗ ದನದ ಕೊಟ್ಟಿಗೆಯ ಗೋಡೆಗೂಡು. ಹೊಲದ ಕೆಲಸಕ್ಕೆ ಬರುತ್ತಿದ್ದ ಕೇರಿಯ ಜನರಿಗೆಂದು ಎರಡು ಲೋಟ, ಒಂದು ತಟ್ಟೆ ಅಲ್ಲಿ ಬೇರೆಯೇ ಇರುತ್ತಿದ್ದವು. ತೊಳೆದಿಡುವವರೂ ಕುಡಿದವರೇ. ಅದರಲ್ಲಿ ಒಂದು ಲೋಟ ದುರುಗವ್ವನದು. ನಮ್ಮವ್ವನ ಓರಗೆಯವಳು. ಇಬ್ಬರೂ ಒಂದೇ ಸಾಲಿನಲ್ಲಿ ಕಳೆ ಕಿತ್ತವರು, ಒಂದೇ ಮರದ ನೆರಳಲ್ಲಿ ಬುತ್ತಿ ಬಿಚ್ಚಿದವರು. ಬುತ್ತಿ ಮಾತ್ರ ಬೇರೆ ಬೇರೆ. ನೀರು ಕೊಡುವಾಗ ಅವ್ವ ಎತ್ತರದಿಂದ ಹೊಯ್ಯುತ್ತಿದ್ದಳು, ದುರುಗವ್ವ ಬೊಗಸೆಯೊಡ್ಡುತ್ತಿದ್ದಳು, ಮಾತು ಮಾತ್ರ ಇಬ್ಬರ ನಡುವೆ ತಡೆಯಿಲ್ಲದೆ ಹರಿಯುತ್ತಿತ್ತು. ಆಗ ಅದು ನಮಗೆ ಯಾರಿಗೂ ವಿಚಿತ್ರ ಅನಿಸಲಿಲ್ಲ. ಆದ್ದರಿಂದಲೇ ಇಲ್ಲಿ ಬರೆದಿಡುತ್ತಿದ್ದೇನೆ.

ಆಮೇಲೆ ಬಂತು ನೋಡಿ ಗಣಿಯ ಸುಗ್ಗಿ. ರಸ್ತೆಯ ತುಂಬ ಅದಿರಿನ ಲಾರಿ, ಮರದ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಒಗೆದು ಹರವಿದ ಬಿಳಿ ಧೋತರ ಒಣಗುವಷ್ಟರಲ್ಲಿ ಕಾವಿ. ನನ್ನ ತಮ್ಮ ಬಸವರಾಜ, ನಮಗೆಲ್ಲ ಬಸು, ಹೊಲವನ್ನು ಅದಿರು ಗುಡ್ಡೆ ಹಾಕಲು ಬಾಡಿಗೆಗೆ ಕೊಟ್ಟ. ಲಾರಿ ತಂದ. ಒಂದು ಲಾರಿ ಮರಿ ಹಾಕಿದಂತೆ ಹಲವಾದವು. ಮಣ್ಣಿನ ಮಾಳಿಗೆಯ ಜಾಗದಲ್ಲಿ ಎರಡಂತಸ್ತಿನ ಮನೆ ಎದ್ದಿತು. ಮನೆಗೆ ಗೇಟು ಬೇಕಾಯಿತು.

ಆ ಕಾಲದ ಗೇಟುಗಳ ಗಮ್ಮತ್ತೇ ಬೇರೆ. ನಮ್ಮ ಕಸುಬಿನಲ್ಲಿ ಕಬ್ಬಿಣದ ಗೇಟಿನ ಲೆಕ್ಕ ಕಿಲೋದ ಮೇಲೆ. ಆಲೂಗಡ್ಡೆ ತೂಗಿದಂತೆ ತೂಗಿ ಕೊಡುವುದು. ಹೀಗಾಗಿ ಅದಿರಿನ ಹೊಸ ಸಾಹುಕಾರರಿಗೆ ಗೇಟಿನ ಅಂದಕ್ಕಿಂತ ತೂಕವೇ ಹೆಗ್ಗಳಿಕೆ. ಹಗಲೂರಾತ್ರಿ ತೂಕದ ಮೇಲೇ ಬದುಕುವವರು, ಬೇರೆ ಯಾವುದರಿಂದ ಅಳೆಯಬೇಕು ಪಾಪ? ನಮ್ಮವರು ಗೇಟು ಮಾಡಿಕೊಟ್ಟರು. ಬಸು ಅದನ್ನು ಖಾಲಿ ಲಾರಿಯಲ್ಲಿ ಹಾಕಿಕೊಂಡು ನೆಟ್ಟಗೆ ಮನೆಗೆ ಹೋಗಲಿಲ್ಲ. ಅದಿರಿನ ಲಾರಿಗಳನ್ನು ತೂಗುವ ಕಾಟಾದ ಮೇಲೆ ಹತ್ತಿಸಿ ತೂಗಿಸಿದ. ಅಲ್ಲೇ ಇದ್ದ ಇನ್ನೊಬ್ಬ ಲಾರಿ ಮಾಲಕನ ಗೇಟಿಗಿಂತ ಇವನದು ಕಮ್ಮಿ ಬಂತು. ಮರುದಿನ ಬೆಳಿಗ್ಗೆ ಗೇಟು ಅದೇ ಲಾರಿಯಲ್ಲಿ ನಮ್ಮ ಅಂಗಡಿಗೆ ವಾಪಸ್ಸು.

"ಯಾಕಪ, ಏನಾತು?" ಎಂದರು ನಮ್ಮವರು, ಗಾಬರಿಯಿಂದ.

"ಭಾವ, ಮಂದ್ಯಾಗ ಮರ್ವಾದಿ ಹೋತು. ಇನ್ನೊಂದಿಷ್ಟು ತುಂಬ್ರಿ."

"ಎಲ್ಲಿ ತುಂಬಲಿ? ಜಾಗಾನ ಇಲ್ಲಲ್ಲೋ!"

"ಹಿಂದಿನ ಮಕ ತುಂಬ್ರಿ. ಒಟ್ಟು ಕಾಟಾ ಏಳಬೇಕು."

ಸಾರಿಗೆ ಉಪ್ಪು ಸಾಲದಿದ್ದರೆ ಹಾಕುವ ಹಾಗೆ ನಮ್ಮವರು ಗೇಟಿಗೆ ಕಬ್ಬಿಣ ಹಾಕಿದರು. ಹಿಂದೊಂದು ತಗಡು, ಮುಂದೊಂದು ಸಾಲು ಈಟಿ, ನಡುವೆ ಎರಡು ಸಿಂಹದ ಮುಖ. ಈ ಸಲ ಕಾಟಾ ಎದ್ದಿತು. ಬಸು ಕಾಟಾದ ಮಂದಿಗೆಲ್ಲ ಚಹಾ ಕುಡಿಸಿದ. ಗೇಟು ನೆಲದ ಮೇಲಿನ ಹಳಿಯಲ್ಲಿ ಗಾಲಿಯ ಮೇಲೆ ನಿಂತಿತು. ಹಳಿಯ ಸಂದಿಗೆ ಅದಿರಿನ ಧೂಳು ತುಂಬಿತು. ಒಂದು ಮಳೆ ಬಿದ್ದು ಅದು ಹೆಂಟೆಗಟ್ಟಿತು. ಅಲ್ಲಿಂದಾಚೆಗೆ ಆ ಗೇಟು ತೆರೆಯಲು ಇಬ್ಬರು ಗಂಡಸರು ಬೇಕು. ಒಬ್ಬ ವಾಚ್‌ಮನ್, ಒಬ್ಬ ಡ್ರೈವರು. ಪಕ್ಕದಲ್ಲೊಂದು ಸಣ್ಣ ಬಾಗಿಲಿಡೋ ಮಾರಾಯ ಎಂದರೆ, ಮನೆಗೆ ಒಂದೇ ಬಾಯಿ ಇರಬೇಕೆಂದು ವಾಸ್ತುವಿನವನು ಹೇಳಿದ್ದಾನೆ ಅಂದ.

ಅವ್ವ ದಿನಾ ಮಧ್ಯಾಹ್ನ ಉಂಡು, ಎಲೆ ಅಡಿಕೆಯ ಚೀಲ ಸಿಕ್ಕಿಸಿಕೊಂಡು, ಕೇರಿಯಲ್ಲಿ ದುರುಗವ್ವನ ಚಪ್ಪರದ ಕೆಳಗೆ ಹೋಗಿ ಕೂರುವವಳು. ಬಸುವಿಗೆ ಅದು ಹಿಡಿಸದು. ನನ್ನ ಮುಂದೆ ಒಮ್ಮೆ ಅಂದಿದ್ದ: "ದೊಡ್ಡ ದೊಡ್ಡ ಮಂದಿ ಮನಿಗೆ ಬರ್ತಾರಕ್ಕ. ನಿಮ್ಮವ್ವಾರ ಎಲ್ಲಿ ಅಂತಾರ. ಕೇರ್ಯಾಗ ಕುಂತಾಳ ಅಂತ ಹೇಳಾಕ ಬರ್ತೈತೇನು?" ಅದನ್ನು ಅವ್ವನಿಗೆ ನಾನೇ ದಾಟಿಸಿದ್ದೆ. ಅವ್ವ ಅಡಿಕೆ ಕತ್ತರಿಸುತ್ತ, "ಹೊಲ ಇದ್ದಾಗ ಹೊಲದಾಗ ಮಾತಾಡ್ತಿದ್ವಿ. ಹೊಲ ಹೋತು. ಮಾತು ಅದಾವಲ್ಲ, ಅವನ್ನೆಲ್ಲಿ ಒಗೀಲಿ?" ಅಂದಿದ್ದಳು. ಮಗ ತಾಯಿಗೆ ಹೋಗಬೇಡ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಕೆಲಸವನ್ನು ಗೇಟು ಮಾಡಿತು. ವಾಚ್‌ಮನ್ ಉಂಡು ಮಲಗಿರುತ್ತಿದ್ದ, ಡ್ರೈವರು ಯಶವಂತನಗರದ ಕಡೆ ಹೋಗಿರುತ್ತಿದ್ದ. ಅವ್ವ ಸಿಂಹದ ಮುಖ ಹಿಡಿದು ಜಗ್ಗಿ ಜಗ್ಗಿ ಮಣಿಕಟ್ಟು ಊದಿಸಿಕೊಂಡಳು.

ದುರುಗವ್ವನಿಗೆ ಸರಕಾರದ ಮನೆ ಮಂಜೂರಾಗಿ, ಗೋಡೆ ಎದ್ದು, ಹಾಲುಕ್ಕಿಸುವ ದಿನ ಬಂತು. ಅವ್ವ ಹೊಸ ಸೀರೆ ಉಟ್ಟು, ಉಡಿ ತುಂಬಲು ಕುಬಸದ ಕಣ, ಕೊಬ್ಬರಿ ಬಟ್ಟಲು ಹಿಡಿದುಕೊಂಡು ಗೇಟಿನ ಒಳಗೆ ನಿಂತಳು. ಅವತ್ತು ವಾಚ್‌ಮನ್ ರಜೆ. ಬಸು ಲಾರಿಯ ಕೆಲಸಕ್ಕೆ ಹೋಗಿದ್ದ. ಸೊಸೆ ಗೌರಿಯೂ ಕೈ ಹಚ್ಚಿದಳು, ಪಾಪ, ಅವಳದ್ದೂ ಬಳೆ ಒಡೆದದ್ದೇ ಬಂತು. ಕೇರಿಯಿಂದ ಹಲಗೆಯ ಸದ್ದು ಕೇಳಿ, ನಿಂತೂ ಹೋಯಿತು. ಸಂಜೆ ನನಗೆ ಫೋನು.

"ನಿನ್ನ ಗಂಡ ಗೇಟು ಮಾಡ್ಯಾನೋ, ಬಂದೀಖಾನಿ ಮಾಡ್ಯಾನೋ?"

"ಅವ್ವಾ, ಬಸೂಗ ನಾ ಹೇಳ್ತೀನಿ..."

"ಅವಗ ಏನ ಹೇಳಬ್ಯಾಡ. ನನಗ ಒಂದು ಗೇಟು ಮಾಡಿ ಕೊಡು. ಈ ಮುದುಕಿ ಒಂದು ಕೈಲೆ ತಗದು, ಒಂದು ಕೈಲೆ ಹಾಕ್ಕೊಂಡು ಹೋಗಬೇಕು. ಆಗತೈತೋ ಇಲ್ಲೋ ಅಷ್ಟ ಹೇಳು."

ಆಗುತ್ತದೆ ಎಂದೆ. ಅಂದ ಮೇಲೆ ಕೂತು ಲೆಕ್ಕ ಹಾಕಿದೆ. ಲಾರಿ ನುಗ್ಗುವಷ್ಟು ಅಗಲದ ಬಾಯಿಗೆ ಒಂದು ಕೈಯ ಗೇಟು ಕಬ್ಬಿಣದಲ್ಲಿ ಆಗುವ ಮಾತಲ್ಲ. ಉಳಿದದ್ದು ಒಂದೇ.

ನಮ್ಮವರಿಗೆ ಹೇಳಿದಾಗ ಅವರು ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ಜರ್ಮನ್ನಾ? ಗೇಟಿಗಾ? ಬೋಗುಣಿ ಬಡದು ಮಾಡಲೇನು?" ಆದರೂ ಒಂದು ತುಂಡು ತರಿಸಿ, ತಮ್ಮ ಎಂದಿನ ರಾಡು ಹಿಡಿದು ಕೂತರು. ಕಬ್ಬಿಣ ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿ, ಆಮೇಲೆ ಕರಗುತ್ತದೆ. ಬಣ್ಣ ನೋಡಿ ಕೈ ಆಡಿಸುವುದು ಅವರ ಜೀವಮಾನದ ರೂಢಿ. ಈ ಲೋಹ ಕೆಂಪಾಗಲೇ ಇಲ್ಲ. ಬೆಳ್ಳಗೆ, ಸುಮ್ಮನೆ, ಸಭ್ಯಸ್ಥನ ಹಾಗೆ ಕೂತಿದ್ದು ಒಮ್ಮೆಲೇ ಕುಸಿದು ತೂತಾಗಿ, ಅವರ ಚಪ್ಪಲಿಯ ಮೇಲೆ ಬಿತ್ತು. ನಮ್ಮವರು ಕುಣಿದ ಕುಣಿತ ನೋಡಿ ಎದುರಿನ ಪಂಕ್ಚರ್ ಅಂಗಡಿಯವರು ಶಿಳ್ಳೆ ಹೊಡೆದರು.

"ಸಿಟ್ಟು ಬಂದ್ರ ಮಾರಿ ಕೆಂಪಾಗಬೇಕು. ಇದೇನಿದು, ಹೇಳದ ಕೇಳದ ಕರಗತೈತಿ! ನಂಬಬಾರದು ಇದನ್ನ," ಎಂದರು.

"ನಂಬಬ್ಯಾಡ್ರಿ. ಬೆಂಕಿ ಬಿಡ್ರಿ, ಜೋಡಿಸ್ರಿ," ಎಂದೆ.

ಕಿಟಕಿ ಮಾಡುವವರ ಹಾಗೆ ಚೌಕದ ಕೊಳವೆಗಳನ್ನು ಕತ್ತರಿಸಿ, ಮೂಲೆಗೆ ಮೂಲೆ ಕೂರಿಸಿ ರಿವಿಟ್ಟು ಹೊಡೆದೆವು. ಎರಡು ಬಾಗಿಲು, ಜೋತುಬೀಳದ ಹಾಗೆ ಒಂದೊಂದಕ್ಕೂ ಓರೆಯಾಗಿ ಒಂದು ಪಟ್ಟಿ. ನೆಲದ ಹಳಿಯ ಸಹವಾಸವೇ ಬೇಡವೆಂದು ಕಂಬದ ಕೀಲಿಗೆ ನೇತುಹಾಕುವ ಹಂಚಿಕೆ. ಕೀಲು ಮಾತ್ರ ಕಬ್ಬಿಣದ್ದೇ, ಭಾರ ಹೊರುವ ಜಾಗ ಅದು. ಆದರೆ ಎರಡು ಲೋಹ ಒಂದಕ್ಕೊಂದು ತಾಗಿದಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ಬೂದಿಯಂತೆ ಉದುರುತ್ತದೆಂದು ನಡುವೆ ನೈಲಾನ್ ಬಿಲ್ಲೆ ಇಟ್ಟೆವು. "ಅತ್ತಿ ಸೊಸಿ ನಡುಕ ಗೋಡಿ ಕಟ್ಟಿದಂಗ ಆತು," ಎಂದು ನಮ್ಮವರು ನಕ್ಕರು. ಆ ನಗುವಿನೊಂದಿಗೆ ಅವರು ನನ್ನ ಪಕ್ಷಕ್ಕೆ ಬಂದರೆಂದು ನನಗೆ ತಿಳಿಯಿತು.

ಬಸು ನನ್ನ ಪಕ್ಷಕ್ಕೆ ಬರಲಿಲ್ಲ. ಫೋನಿನಲ್ಲಿ ಹರಿಹಾಯ್ದ.

"ಅಕ್ಕ, ತಲಿ ಕೆಟ್ಟೈತೇನು? ಊರ ಕಬ್ಬಣ ಎಲ್ಲಾ ನನ್ನ ಲಾರ್‍ಯಾಗ ಹೋಗತೈತಿ. ನನ್ನ ಮನಿಗೆ ಜರ್ಮನ್ ಗೇಟಾ? ಕೇರಿ ಮಂದಿ ಲೋಟದ ತಗಡು ತಂದು ನನ್ನ ಬಾಗಲಕ್ಕ ಹಚ್ತಿ?"

"ಲೋಟದ ತಗಡೇ ಅಂದ್ಕೋ. ಕುಡಿದೋರು ಯಾರೂ ಸತ್ತಿಲ್ಲ."

"ಕಳ್ಳ ಬಂದ್ರ?"

"ನಿನ್ನ ಕಂಪೌಂಡು ನನ್ನ ಎದಿಮಟ ಐತಿ. ಕಳ್ಳಗ ಗೇಟ್ಯಾಕ ಬೇಕೋ?"

"ಮಂದಿ ನಗ್ತಾರ. ತರಬ್ಯಾಡ. ತಂದ್ರ ಹೊರಗ ಒಗೀತೀನಿ." ಫೋನು ಇಟ್ಟ.

ಗೇಟು ಅಂಗಡಿಯ ಗೋಡೆಗೆ ಒರಗಿ ನಿಂತಿತು. ಹೋದ ಬಂದವರು ಬಡಿದು ನೋಡಿ, ಟಣ್ ಅನ್ನುವ ಸದ್ದಿಗೆ ನಕ್ಕು ಹೋದರು. ನನಗೆ ದಿಕ್ಕು ತೋಚಲಿಲ್ಲ. ದಾರಿ ತೆಗೆದವಳು ಅವ್ವ.

ಒಂದು ಬೆಳಿಗ್ಗೆ ಲಾರಿ ಹೊರಡಲೆಂದು ಇಬ್ಬರು ಹೆಣಗಿ ಗೇಟು ತೆರೆದರು. ಲಾರಿಯ ಹಿಂದೆಯೇ ಅವ್ವ ನಡೆದು ಹೊರಗೆ ಬಂದಳು. ಕೇರಿಗೆ ಹೋಗಲಿಲ್ಲ. ಎದುರಿಗಿದ್ದ ಮೋರಿಯ ಕಟ್ಟೆಯ ಮೇಲೆ, ಮಗನ ಮನೆಗೆ ಮುಖಮಾಡಿ ಕೂತಳು. ಮುಂದಿನಿಂದ ಲಾರಿಗಳು ಸಾಲುಗಟ್ಟಿ ಹೋದವು. ಅವ್ವನ ಸೀರೆ ಕೆಂಪಾಯಿತು, ತಲೆ ಕೆಂಪಾಯಿತು, ಹುಬ್ಬೂ ಕೆಂಪಾಯಿತು. ಗೌರಿ ಕರೆದಳು, ಏಳಲಿಲ್ಲ. ಓಣಿಯ ಹಿರಿಯರು ಬಂದು, "ಏನವಾ ತಾಯಿ, ಮಗ ಏನರ ಅಂದನೇನು?" ಎಂದು ಕೇಳಿದರು.

"ಮಗ ಬಂಗಾರದಂಥವ. ಏನೂ ಅಂದಿಲ್ಲ. ಒಳಗ ಹೋದ್ರ ಹೊರಗ ಬರಾಕ ಇಬ್ರ ಗಂಡಸರು ಬೇಕು ನನಗ. ಅದಕ ಹೊರಗ ಇರ್ತೀನಿ. ಒಳಗ ಬರಾಕೂ ಅವರ ಬೇಕು, ಅದು ಬ್ಯಾರೆ ಮಾತು. ಗಾಳಿ ಛಲೋ ಐತಿ ಇಲ್ಲಿ," ಎಂದು ಕೆಮ್ಮಿದಳು.

ಮಧ್ಯಾಹ್ನಕ್ಕೆ ಬಸು ಬಂದ. ತಾಯಿ ರಸ್ತೆಯಲ್ಲಿ, ಅದಿರಿನ ಗುಡ್ಡೆಯಂತೆ. ಸುತ್ತ ಅರ್ಧ ಊರು. ಜೀಪಿನಿಂದಿಳಿದು, "ಏಳವ್ವಾ, ಒಳಗ ನಡಿ," ಎಂದ ಮೆತ್ತಗೆ.

"ಗೇಟು ಬಂತೇನು?"

"ಮಂದಿ ನೋಡಾಕತ್ಯಾರ..."

"ನೋಡ್ಲಿ. ಆ ಗೇಟು ಮಂದಿ ನೋಡಲಿ ಅಂತ ಮಾಡ್ಸಿದಿ. ಈಗ ನನ್ನೂ ನೋಡ್ಲಿ."

ನನಗೆ ಫೋನು ಬಂತು. ಎರಡೇ ಮಾತು: "ತಗೊಂಡ್ ಬಾ."

ನಾವು ಗೇಟನ್ನು ಗೂಡ್ಸ್ ಆಟೋದ ಮೇಲೆ ಕಟ್ಟಿಕೊಂಡು ಹೋದೆವು. ವಡ್ಡು ಮುಟ್ಟಿದಾಗ ಅವ್ವ ಕೂತಲ್ಲೇ ಇದ್ದಳು, ಪಕ್ಕದಲ್ಲಿ ದುರುಗವ್ವ ತನ್ನ ಸೆರಗಿನಿಂದ ಅವಳ ಮುಖದ ಧೂಳು ಒರೆಸುತ್ತಿದ್ದಳು. ಆಟೋ ನೋಡಿ ಯಾರೋ, "ಏನ್ರಲೇ, ಗೇಟೋ, ಮದುವಿ ಚಪ್ಪರೋ?" ಎಂದರು. ಇನ್ನೊಬ್ಬ, "ಕಾಟಾದ ಮ್ಯಾಲ ಇಟ್ರ ಗುಬ್ಬಿ ಕುಂತತಿ ಅಂತ ಹಾರಿಸಿಬಿಡ್ತಾರ," ಎಂದ. ಊರೆಲ್ಲ ನಕ್ಕಿತು. ಬಸು ನಗಲಿಲ್ಲ. ನಾನು ನಕ್ಕೆ. ಬೇಕೆಂದೇ, ಎಲ್ಲರಿಗಿಂತ ಜೋರಾಗಿ ನಕ್ಕೆ. ಹಳೆಯ ಗೇಟು ಇಳಿಸಲು ಲಾರಿಯ ಕ್ರೇನು ಬೇಕಾಯಿತು. ಹೊಸದನ್ನು ನಮ್ಮವರೂ ಡ್ರೈವರೂ ಹೆಗಲ ಮೇಲೆ ಹೊತ್ತು ತಂದರು.

ಹೊತ್ತು ಇಳಿಯುವ ಮುಂಚೆ ಕೀಲು ಕೂತಿತು. ಅವ್ವ ಎದ್ದು, ಸೀರೆ ಕೊಡವಿ, ಬಂದು ಗೇಟಿಗೆ ಅಂಗೈ ಹಚ್ಚಿದಳು. ಅದು ಸದ್ದಿಲ್ಲದೆ ಒಳಗೆ ಸರಿಯಿತು. ಒಳಗೆ ಹೋದಳು. ಹಾಕಿದಳು. ತೆಗೆದಳು, ಹೊರಗೆ ಬಂದಳು. ಮತ್ತೆ ಒಳಗೆ ಹೋದಳು. ಜೋಕಾಲಿ ಸಿಕ್ಕ ಹುಡುಗಿಯಂತೆ ಹಾಗೆ ಎಷ್ಟು ಸಲ ಮಾಡಿದಳೋ, ನೋಡುತ್ತಿದ್ದವರ ನಗು ತಾನೇ ಅಡಗಿತು.

ಬಸು ಅದಕ್ಕೆ ಕಬ್ಬಿಣದ ಬಣ್ಣ ಬಳಿಸಿದ, ದೂರದಿಂದ ಗೊತ್ತಾಗದಿರಲಿ ಎಂದು. ಬಳಿಸಲಿ. ಅವ್ವ ಮಧ್ಯಾಹ್ನ ಹೋಗುವುದು, ದೀಪ ಹಚ್ಚುವ ಹೊತ್ತಿಗೆ ಬರುವುದು ಮತ್ತೆ ಶುರುವಾಯಿತು. ತಾಯಿ ಹೊರಗೆ ಹೋಗುವುದಕ್ಕೆ ಅವನು ಹೇಗೋ ಒಗ್ಗಿಕೊಂಡ. ಹೊರಗೆ ತೆರೆಯುವ ಗೇಟು ಒಳಗೂ ತೆರೆಯುತ್ತದೆ ಎಂಬುದು ಅವನ ತಲೆಗೆ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ತಲೆಗೂ ಹೋಗಿರಲಿಲ್ಲ.

ಶೇಂಗಾ ಬಿಡಿಸುವ ಕಾಲ. ನಾನು ತವರಿಗೆ ಹೋಗಿದ್ದೆ. ಅವ್ವನ ಮಂಡಿ ಹಿಡಿದುಕೊಂಡು ನಾಲ್ಕಾರು ದಿನದಿಂದ ಅವಳು ಕೇರಿಗೆ ಹೋಗಿರಲಿಲ್ಲ. ಮುಂಬಾಗಿಲ ಪಡಸಾಲೆಯಲ್ಲಿ ಇಬ್ಬರೂ ಕೂತಿದ್ದಾಗ ಗೇಟಿನಾಚೆ ದುರುಗವ್ವ ಬಂದು ನಿಂತಳು. ಅವಳು ನಮ್ಮ ಹಳೆಯ ಮನೆಗೆ ಬಂದದ್ದೆಲ್ಲ ಹಿಂದಿನ ಕೊಟ್ಟಿಗೆಯ ಕಡೆಯಿಂದ. ಮುಂದಿನಿಂದ ಬಂದವಳಲ್ಲ. ಹೊಸ ಮನೆಯಲ್ಲಿ ಕೊಟ್ಟಿಗೆಯೇ ಇರಲಿಲ್ಲ.

"ಅಕ್ಕಾರ, ಕಾಲು ಹೆಂಗ ಐತ್ರಿ?" ಎಂದು ಅಲ್ಲಿಂದಲೇ ಕೂಗಿದಳು.

"ಅಲ್ಲಿಂದ ಕೇಳಿದ್ರ ಕಾಲಿಗೆ ಕೇಳತೈತೇನು? ಒಳಗ ಬಾ."

"ಗೇಟು ಹಾಕೇತ್ರಿ."

"ತಳ್ಳು, ದುರುಗಿ. ಕಡಿಯಂಗಿಲ್ಲ ಅದು."

ದುರುಗವ್ವ ಎರಡೂ ಕೈ ಹಚ್ಚಿ, ಕಬ್ಬಿಣದ ಬಣ್ಣ ಕಂಡು ಹಗುರವೆಂಬುದನ್ನೇ ಮರೆತು, ಮೈಯೆಲ್ಲ ಬಲ ಬಿಟ್ಟು ನೂಕಿದಳು. ಗೇಟು ಹಾರಿಬಿದ್ದಂತೆ ತೆರೆದು, ಅವಳು ನಾಲ್ಕು ಹೆಜ್ಜೆ ಓಡಿ ಅಂಗಳದ ನಡುವೆ ಬಂದು ನಿಂತಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಡು ನುಗ್ಗುತ್ತವೆಂದು ತಿರುಗಿ ಹೋಗಿ ಗೇಟು ಹಾಕಿ, ಚಿಲಕ ಸಿಕ್ಕಿಸಿ ಬಂದಳು. ಬಂದು ಮೆಟ್ಟಿಲ ಮೇಲೆ ಕೂತಳು. ಅವ್ವ ಕೂತಲ್ಲೇ ಸರಿದು ಚಾಪೆಯ ಮೇಲೆ ಜಾಗ ಮಾಡಿ, ಅಂಗೈಯಿಂದ ತಟ್ಟಿದಳು. ದುರುಗವ್ವ ನನ್ನ ಮುಖ ನೋಡಿದಳು, ಒಳಬಾಗಿಲ ಕಡೆ ನೋಡಿದಳು. ಅವ್ವ ಮತ್ತೆ ತಟ್ಟಿದಳು. ಆಮೇಲೆ ಅವಳು ಮೇಲೆ ಬಂದು ಕೂತು, ಮೊರ ತನ್ನ ಕಡೆ ಎಳೆದುಕೊಂಡಳು.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಒಳಗೆ ಬಸು, ಜೊತೆಗೆ ಇಸ್ತ್ರಿ ಅಂಗಿಯ ಇಬ್ಬರು ದೊಡ್ಡ ಮಂದಿ. ಅಭ್ಯಾಸದಂತೆ ಹಾರನ್ ಹೊಡೆದ. ಹೊಸ ಗೇಟು ಬಂದ ಮೇಲೆ ವಾಚ್‌ಮನ್ನನನ್ನು ಲಾರಿ ಕೆಲಸಕ್ಕೆ ಕಳಿಸಿಯಾಗಿತ್ತು. ಇನ್ನೊಮ್ಮೆ ಹೊಡೆದ. ಪಡಸಾಲೆಯಲ್ಲಿ ಯಾರು ಯಾರ ಪಕ್ಕ ಕೂತಿದ್ದಾರೆಂಬುದು ಅಲ್ಲಿಂದ ನಿಚ್ಚಳವಾಗಿ ಕಾಣುತ್ತಿತ್ತು. ದುರುಗವ್ವ ಗಡಬಡಿಸಿ ಎದ್ದಳು, ಗೇಟು ತೆಗೆಯಲೆಂದೋ, ಮನೆಗೆ ಹೋಗಲೆಂದೋ ಅವಳಿಗೇ ಗೊತ್ತಿರಲಿಲ್ಲ. ಅವ್ವ ಅವಳ ಸೀರೆಯ ಅಂಚು ಹಿಡಿದು ಕೆಳಗೆ ಜಗ್ಗಿದಳು.

"ಕುಂದ್ರು ನೀ."

ಮತ್ತೆ ಹಾರನ್ನು. ಅವ್ವ ಒಂದು ಶೇಂಗಾಕಾಯಿ ಒಡೆದು, ಕಾಳನ್ನು ದುರುಗವ್ವನ ಅಂಗೈಯಲ್ಲಿಟ್ಟು, ಹೊಲದ ಆಚೆ ದಂಡೆಯವರಿಗೂ ಕೇಳುವಂಥ ತನ್ನ ಹಳೆಯ ದನಿಯಲ್ಲಿ ಕೂಗಿದಳು:

"ಇಳದು ನೀನ ತಗೀಯಪ್ಪ ಬಸೂ. ಹಗರ ಐತಿ!"